ಹುರಿದ ಉಪ್ಪು

ನಾನು ಒಂದು ಪಿಂಗಾಣಿ ಭರಣಿ. ಹೊಟ್ಟೆ ಬಿಳಿ, ಕತ್ತು ಕಂದು. ನೋಡಿದವರೆಲ್ಲ ಉಪ್ಪಿನಕಾಯಿ ಭರಣಿ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಮೆರೆಯುತ್ತಿದ್ದ ಕಾಲ ಒಂದಿತ್ತು, ಅದು ಬಹಳ ದಿನ ಬಾಳಲಿಲ್ಲ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಭಟ್ಟಿಯಲ್ಲಿ. ಮಣ್ಣಾಗಿದ್ದ ನನ್ನನ್ನು ತುಳಿದರು, ನಾದಿದರು, ಅಚ್ಚಿಗೆ ಒತ್ತಿದರು, ಕೊನೆಗೆ ಬೆಂಕಿಗೆ ಹಾಕಿದರು. ಅಬ್ಬಾ, ಆ ಶಾಖ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ! ತಣ್ಣಗಾಗಿ ಹೊರಬಂದಾಗ ನನ್ನ ತಳದ ಹತ್ತಿರ ಕೂದಲೆಳೆಯಂಥ ಬಿರುಕು ಇತ್ತು. ಭರಣಿಗಳನ್ನು ವಿಂಗಡಿಸುತ್ತಿದ್ದ ಹೆಂಗಸು ಅದನ್ನು ಬೆರಳಲ್ಲಿ ಸವರಿ, ನನ್ನನ್ನು ಎರಡನೇ ದರ್ಜೆಯ ರಾಶಿಗೆ ತಳ್ಳಿದಳು.

ಅರಸೀಕೆರೆಯ ಪೇಟೆ ಬೀದಿಯಲ್ಲಿ ತಳ್ಳುಗಾಡಿಯವನೊಬ್ಬ ನನ್ನನ್ನು ಹುಲ್ಲಿನ ಮೇಲೆ ಕೂರಿಸಿಕೊಂಡು ಮಾರುತ್ತಿದ್ದ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಚೌಕಾಸಿ ಮಾಡಿ ಕೊಂಡವರು ನಾಗಲಕ್ಷ್ಮಮ್ಮ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅವನು ಬಿಟ್ಟುಹೋದ ಲಗ್ನಪತ್ರಿಕೆಯ ಪ್ರೆಸ್ಸನ್ನು ನಡೆಸುತ್ತ ಒಬ್ಬನೇ ಮಗ ಚಂದ್ರಚೂಡನನ್ನು ಸಾಕುತ್ತಿದ್ದ ಗಟ್ಟಿ ಹೆಂಗಸು. ಮನೆಗೆ ಒಯ್ದವರೇ ನಿಂಬೆಕಾಯಿ ಉಪ್ಪಿನಕಾಯಿ ತುಂಬಿದರು. ವಾರ ಕಳೆಯುವುದರೊಳಗೆ ಬಿರುಕಿನಿಂದ ರಸ ಜಿನುಗಿ ಗೂಡೆಲ್ಲ ಅಂಟಂಟಾಯಿತು. "ಹಾಳಾದ್ದು, ಸೋರುತ್ತೆ" ಎಂದು ಬೈದು, ತೊಳೆದು, ಒಣಗಿಸಿ, ಒಲೆಯ ಪಕ್ಕದ ಹಲಗೆಯ ಮೇಲೆ ಕುಕ್ಕಿ ಉಪ್ಪು ಸುರಿದರು. ಅಂದಿನಿಂದ ನಾನು ಉಪ್ಪಿನ ಭರಣಿ. ಸುಮಾರು ದಿನ ಮುಖ ಊದಿಸಿಕೊಂಡೇ ಕೂತಿದ್ದೆ.

ಆಮೇಲೆ ನನ್ನ ಮರ್ಯಾದೆ ನನಗೇ ಗೊತ್ತಾಯಿತು. ಆ ಮನೆಯಲ್ಲಿ ಎಲೆ ಹಾಕಿದರೆ ಮೊದಲು ಬಡಿಸುವುದು ನನ್ನೊಳಗಿನದ್ದು. ನನ್ನನ್ನು ಬರಿದಾಗಲು ಬಿಡುವಂತಿಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ, ಕೆಳಗಿಡಬೇಕು, ಬೇಕಾದವರು ತೆಗೆದುಕೊಳ್ಳಬೇಕು. ಚೆಲ್ಲಿದರೆ ಮುಂದಿನ ಜನ್ಮದಲ್ಲಿ ಕಣ್ಣಿನ ರೆಪ್ಪೆಯಿಂದ ಆರಿಸಬೇಕಂತೆ. ಇಷ್ಟೆಲ್ಲ ಭಯಭಕ್ತಿ ಇಟ್ಟುಕೊಂಡವರು ದಿನಕ್ಕೆ ಎಷ್ಟು ತಿನ್ನುತ್ತಿದ್ದೇವೆ ಎಂದು ಮಾತ್ರ ಒಮ್ಮೆಯೂ ಯೋಚಿಸಲಿಲ್ಲ. ಸಾರಿಗೆ ಉಪ್ಪು, ಅನ್ನಕ್ಕೆ ಉಪ್ಪು, ಮಜ್ಜಿಗೆಗೆ ಉಪ್ಪು, ಹೆಚ್ಚಿದ ಸೌತೆಕಾಯಿಗೂ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇವೆಲ್ಲ ಅವರ ಪ್ರಕಾರ ಉಪ್ಪಿನ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಚಂದ್ರಚೂಡನಂತೂ ಹುಟ್ಟಾ ಉಪ್ಪಿನ ಗಿರಾಕಿ. ತಟ್ಟೆಯ ಮುಂದೆ ಕೂತರೆ ತುತ್ತು ಬಾಯಿಗೆ ಹೋಗುವ ಮೊದಲೇ ಅವನ ಕೈ ನನ್ನೊಳಗೆ. ಚಿಟಿಕೆಯಲ್ಲ, ಮೂರು ಬೆರಳಿನ ತುಂಬ. ತಾಯಿ ಒಂದು ದಿನವೂ ಬೇಡ ಅನ್ನಲಿಲ್ಲ. ತಂದೆಯಿಲ್ಲದ ಮಗು ಹೊಟ್ಟೆತುಂಬ ತಿನ್ನುತ್ತದಲ್ಲ, ಅಷ್ಟೇ ಅವರಿಗೆ ಸಮಾಧಾನ. ಅವನು ದೊಡ್ಡವನಾಗಿ ಪ್ರೆಸ್ಸು ವಹಿಸಿಕೊಂಡ. ಕೈಗೆ ಮಸಿ ಮೆತ್ತಿಕೊಂಡ, ಮೀಸೆ ಬಿಟ್ಟ, ಊರಿನ ಅರ್ಧದಷ್ಟು ಮದುವೆಗಳಲ್ಲಿ ಮೊದಲ ಪಂಕ್ತಿಗೆ ಕೂತ. ನನ್ನೊಳಗೆ ಕೈ ಹಾಕುವ ರೀತಿ ಮಾತ್ರ ಬದಲಾಗಲಿಲ್ಲ.

ಪಂಕಜಾಕ್ಷಿ ಈ ಮನೆಗೆ ಸೊಸೆಯಾಗಿ ಬಂದಳು. ಮೊದಲ ದಿನದ ಅಡುಗೆ ಅವಳದೇ. ತೊಂಡೆಕಾಯಿ ಪಲ್ಯ, ಹೆರಳೆಕಾಯಿ ಗೊಜ್ಜು. ಹುಡುಗಿ ನನ್ನ ಮುಂದೆ ನಿಂತು, ಉಪ್ಪನ್ನು ಅಂಗೈಯಲ್ಲಿ ತೂಗಿ ತೂಗಿ ಹಾಕಿದ್ದಳು. ಹದ ಸರಿಯಾಗಿತ್ತು, ಅಷ್ಟು ವರ್ಷ ಒಲೆಯ ಪಕ್ಕ ಕೂತವನಿಗೆ ಅಷ್ಟು ತಿಳಿಯುವುದಿಲ್ಲವೇ? ಚಂದ್ರಚೂಡ ಬಂದು ಕೂತ. ರುಚಿ ನೋಡಲಿಲ್ಲ. ಮೂರು ಬೆರಳಿನ ತುಂಬ ಎತ್ತಿ ಗೊಜ್ಜಿನ ಮೇಲೆ ಉದುರಿಸಿಕೊಂಡ. ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ ಅವಳ ಮುಖ ಸಣ್ಣಗಾಯಿತು.

ಅಲ್ಲಿಂದ ಶುರುವಾಯಿತು ನೋಡಿ. ಗಂಡನ ಕೈ ನನ್ನ ಕಡೆ ಬರಬಾರದು, ತನ್ನ ಅಡುಗೆಯೇ ಅವನಿಗೆ ಸಾಕೆನಿಸಬೇಕು ಎಂದು ಅವಳಿಗೆ ಹಟ. ಮಾರನೆಯ ದಿನ ಒಂದು ಚಿಟಿಕೆ ಜಾಸ್ತಿ ಹಾಕಿದಳು. ಅವನ ನಾಲಿಗೆ ಅದಕ್ಕೆ ಒಗ್ಗಿತು, ಕೈ ಮತ್ತೆ ಬಂತು. ಅವಳು ಇನ್ನೊಂದು ಚಿಟಿಕೆ ಏರಿಸಿದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಅಕ್ಕಪಕ್ಕದವರು ಊಟಕ್ಕೆ ಬಂದರೆ ನೀರಿನ ಲೋಟ ಕೆಳಗಿಡುತ್ತಿರಲಿಲ್ಲ. ಮನೆಯವರಿಗೆ ಮಾತ್ರ ಅದೇ ಹದ. ಮಗಳು ವಿನುತ ಅದೇ ಸಾರು ಕಲಸಿದ ಅನ್ನ ತಿಂದು ಬೆಳೆದಳು, ಓದಿದಳು, ಹಾಸನದ ಶಾಲೆಯೊಂದರಲ್ಲಿ ಟೀಚರಾದಳು.

ಚಂದ್ರಚೂಡನಿಗೆ ಐವತ್ತು ದಾಟಿದ ಮೇಲೆ ಕಾಲು ಊದಿಕೊಳ್ಳತೊಡಗಿತು. ಚಪ್ಪಲಿ ಹಿಡಿಸದೆ ಹಿಮ್ಮಡಿ ಹೊರಗೆ ಬಿಟ್ಟುಕೊಂಡು ಪ್ರೆಸ್ಸಿಗೆ ಹೋಗುತ್ತಿದ್ದ. ವಿನುತ ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬಂದವಳೇ ಅಡುಗೆಮನೆಯಲ್ಲಿ ತಾಯಿಯನ್ನು ಕೂರಿಸಿಕೊಂಡು ಹೇಳಿದಳು.

"ಅಮ್ಮ, ಬೀಪಿ ವಿಪರೀತ ಇದೆಯಂತೆ. ಕಿಡ್ನಿ ಆಗಲೇ ಅರ್ಧ ಹೋಗಿದೆ. ಮಾತ್ರೆ ಕೊಟ್ಟಿದಾರೆ, ಆದರೆ ಉಪ್ಪು ನಿಲ್ಲಿಸದಿದ್ರೆ ಮಾತ್ರೆಯಿಂದ ಏನೂ ಪ್ರಯೋಜನ ಇಲ್ಲವಂತೆ."

"ಒಂದು ಚೂರೂ ಹಾಕಬಾರದಾ?"

"ಹೆಸರಿಗೆ ಮಾತ್ರ. ಉಪ್ಪಿನಕಾಯಿ, ಹಪ್ಪಳ ಮುಟ್ಟೋ ಹಾಗೇ ಇಲ್ಲ. ಹೀಗೇ ಬಿಟ್ರೆ ಅಪ್ಪ ಉಳಿಯಲ್ಲಮ್ಮ."

ಪಂಕಜಾಕ್ಷಿ ನನ್ನನ್ನು ಎತ್ತಿ ಬೀರುವಿನೊಳಗಿಟ್ಟು ಬಾಗಿಲು ಹಾಕಿದಳು. ನಿಜ ಹೇಳುತ್ತೇನೆ, ಆ ಕತ್ತಲೆಯಲ್ಲಿ ನನಗೆ ಖುಷಿಯೇ ಆಯಿತು. ಸದ್ಯ, ಈಗಲಾದರೂ ಅವನು ಉಳಿಯುತ್ತಾನೆ ಅಂದುಕೊಂಡೆ.

ಮೊದಲ ಸಪ್ಪೆ ಊಟವನ್ನು ಅವಳು ಬಹಳ ಮುತುವರ್ಜಿಯಿಂದ ಮಾಡಿದ್ದಳು. ನಿಂಬೆಹಣ್ಣು ಹಿಂಡಿ, ಕೊತ್ತಂಬರಿ ಉದುರಿಸಿ, ಇಂಗಿನ ಒಗ್ಗರಣೆ ಕೊಟ್ಟಿದ್ದಳು. ಚಂದ್ರಚೂಡ ಒಂದು ತುತ್ತು ತಿಂದ. ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಸೂತಕದ ಊಟ ಹಾಕ್ತಿದೀಯೇನೇ? ನಾನಿನ್ನೂ ಸತ್ತಿಲ್ಲ."

ಆ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವರ ಮನೆತನದಲ್ಲಿ ಸಾವಾದಾಗ ಮಾತ್ರ ಉಪ್ಪಿಲ್ಲದೆ ಬೇಯಿಸುತ್ತಾರೆ. ಬದುಕಿರುವ ಗಂಡನ ಮುಂದೆ ಅಂಥ ತಟ್ಟೆ ಇಡುವುದೆಂದರೆ ಅವಳಿಗೆ ಅಪಶಕುನವನ್ನೇ ಕರೆದಂತೆ. ಆದರೂ ಮರುದಿನ ಇಟ್ಟಳು, ಅದರ ಮರುದಿನವೂ ಇಟ್ಟಳು. ಅವನು ಮಜ್ಜಿಗೆ ಕುಡಿದು ಎದ್ದುಹೋಗುತ್ತಿದ್ದ. ಕೆನ್ನೆ ಒಳಗೆ ಹೋಯಿತು. ನಾಗಲಕ್ಷ್ಮಮ್ಮನವರಿಗೆ ಆಗ ಎಂಬತ್ತರ ಹತ್ತಿರ, ಗೋಡೆಗೆ ಒರಗಿ ಕೂತಲ್ಲೇ ಕಣ್ಣೀರು ಹಾಕಿದರು.

"ಕಾಯಿಲೆಗಿಂತ ಮೊದಲು ಉಪವಾಸದಲ್ಲೇ ಕೊಲ್ತೀಯಲ್ಲೇ ನನ್ನ ಮಗನ್ನ" ಎಂದರು. "ಹಸೀ ಉಪ್ಪಿಂದ ಕೆಡುಕು. ಬಾಣಲೆಗೆ ಹಾಕಿ ಕೆಂಪಗೆ ಹುರಿದುಬಿಡು, ಅದರ ದೋಷವೆಲ್ಲ ಹೋಗುತ್ತೆ. ನಮ್ಮಮ್ಮ ಬಾಣಂತಿಯರಿಗೆಲ್ಲ ಹಾಗೇ ಮಾಡ್ತಿದ್ಲು."

ಪಂಕಜಾಕ್ಷಿಗೆ ಹೋದ ಜೀವ ಬಂದಂತಾಯಿತು. ಬೀರು ತೆಗೆದು ನನ್ನನ್ನು ಹೊರಗಿಟ್ಟಳು. ನನ್ನೊಳಗಿದ್ದದ್ದನ್ನೆಲ್ಲ ಕಬ್ಬಿಣದ ಬಾಣಲೆಗೆ ಸುರಿದು, ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿದಳು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಒಂದು ಹರಳೂ ಹಸಿ ಉಳಿಯಬಾರದೆಂದು ಮತ್ತೆ ಮತ್ತೆ ಕೈಯಾಡಿಸಿದಳು. ಅದು ಇನ್ನೂ ಬಿಸಿಯಿರುವಾಗಲೇ ನನ್ನೊಳಗೆ ತುಂಬಿದಳು. ನನಗೆ ಬಾಯಿದ್ದಿದ್ದರೆ ಕೂಗುತ್ತಿದ್ದೆ, ಬೇಡ ತಾಯಿ, ಇದು ನಿನ್ನೆಯ ಉಪ್ಪೇ, ಹುರಿದರೆ ನೀರು ಆರಿತೇ ಹೊರತು ಬೇರೇನೂ ಹೋಗಲಿಲ್ಲ ಎಂದು. ದೊಡ್ಡ ಬಾಯಿಯೇ ಇದೆ ನನಗೆ, ಏನು ಬಂತು?

ಚಂದ್ರಚೂಡ ಅಂದು ಹೊಟ್ಟೆತುಂಬ ಉಂಡ. ಎರಡನೇ ಸಲ ಸಾರು ಹಾಕಿಸಿಕೊಂಡ. "ಇವತ್ತು ಊಟ ಅಂದ್ರೆ ಊಟ" ಎಂದ. ಅಷ್ಟು ವರ್ಷದ ಸಂಸಾರದಲ್ಲಿ ಅವಳ ಅಡುಗೆಯನ್ನು ಅವನು ಹೊಗಳಿದ್ದು ಅದೇ ಮೊದಲು. ಅವಳು ಅಡುಗೆಮನೆಗೆ ಬಂದು ನನ್ನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಳು, ಮುಖದಲ್ಲಿ ನಗು.

ಹಬ್ಬಕ್ಕೆಂದು ಬಂದ ವಿನುತ ನನ್ನ ಮುಚ್ಚಳ ತೆಗೆದು ಬಣ್ಣ ನೋಡಿದಳು. "ಇದೇನಮ್ಮ ಹೀಗಿದೆ?" ಎಂದು ಕೇಳಿ, ಉತ್ತರ ಕೇಳಿದವಳೇ ತಲೆಯ ಮೇಲೆ ಕೈಹೊತ್ತು ಕೂತಳು.

"ಹುರಿದ್ರೂ ಅದು ಉಪ್ಪೇ ಅಮ್ಮ. ನೀನು ಅಪ್ಪನಿಗೆ ಕೊಡ್ತಿರೋದು ವಿಷ."

"ನಿಂಗೇನು ಗೊತ್ತು. ಅವರು ಉಣ್ಣದೆ ಏಳೋವಾಗ ನೋಡಿದ್ಯಾ ನೀನು? ಹುರಿದು ಹಾಕಿದ ಮೇಲೆ ಮುಖದಲ್ಲಿ ಕಳೆ ಬಂದಿದೆ, ನೋಡು."

ಮುಖದಲ್ಲಿ ಬಂದಿದ್ದು ಕಳೆಯಲ್ಲ, ಬಾವು. ವಿನುತ ಅತ್ತಳು, ಜಗಳವಾಡಿದಳು. ಅಪ್ಪನೇ ಅವಳನ್ನು ಗದರಿದ. "ನಾಲ್ಕು ದಿನ ಬದುಕಿದ್ರೂ ರುಚಿಯಾಗಿ ಉಂಡು ಬದುಕ್ತೀನಿ" ಎಂದ. ಜನ ಇಂಥ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆ! ಆಮೇಲೆ ಆಸ್ಪತ್ರೆಗೆ ಓಡಾಟ ಶುರುವಾಯಿತು, ಡಯಾಲಿಸಿಸ್ ಎಂಬ ಮಾತು ಮನೆಯಲ್ಲಿ ಕೇಳಿಬಂತು. ಅಲ್ಲಿಂದ ಬಂದ ದಿನ ಅವನಿಗೆ ಕೂರಲೂ ತ್ರಾಣವಿರುತ್ತಿರಲಿಲ್ಲ. ಆಗಲೂ ಅವಳು ಹೊಸದಾಗಿ ಹುರಿದು, ಅನ್ನಕ್ಕೆ ಬೆರೆಸಿ, ತಾನೇ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಮಳೆಗಾಲ ಮುಗಿಯುವ ಮೊದಲೇ ಚಂದ್ರಚೂಡ ಹೋಗಿಬಿಟ್ಟ.

ಗಂಡುಮಕ್ಕಳಿಲ್ಲದ ಮನೆ, ದಾಯಾದಿಯೊಬ್ಬ ಬಂದು ಕರ್ಮ ಹಿಡಿದ. ಸೂತಕದ ಅಡುಗೆಗೆ ನನ್ನನ್ನು ಯಾರೂ ಮುಟ್ಟಲಿಲ್ಲ. ಬರೀ ಬೇಳೆ, ಬರೀ ಅನ್ನ. ಅತ್ತೆ ಸೊಸೆ ಎದುರುಬದುರು ಕೂತು ಉಣ್ಣುತ್ತಿದ್ದರು. ಮೊದಮೊದಲು ಇಬ್ಬರೂ ಅನ್ನವನ್ನು ಕೆದಕಿ ಎದ್ದುಹೋದರು. ಹಸಿವು ಯಾರನ್ನು ಬಿಡುತ್ತದೆ? ಒಂದು ಮಧ್ಯಾಹ್ನ ನಾಗಲಕ್ಷ್ಮಮ್ಮ ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ತಟ್ಟೆ ಖಾಲಿ ಮಾಡಿದರು. ಕೈ ಒಣಗಿಸಿಕೊಂಡು ಕೂತು, ತಮ್ಮಷ್ಟಕ್ಕೇ ಹೇಳಿಕೊಂಡಂತೆ ಹೇಳಿದರು.

"ಸಪ್ಪೆಯಾದ್ರೂ ಇಳಿಯುತ್ತಲ್ಲೇ. ಎರಡು ದಿನ ಕಷ್ಟ ಆಯ್ತು. ಆಮೇಲೆ ಬೇಳೆಯ ರುಚಿ ಬೇಳೆಗಿದೆ, ಅನ್ನದ ರುಚಿ ಅನ್ನಕ್ಕಿದೆ ಅಂತ ಗೊತ್ತಾಗುತ್ತೆ."

ಪಂಕಜಾಕ್ಷಿಯ ಕೈ ಅನ್ನದಲ್ಲೇ ನಿಂತಿತು. ಅತ್ತೆಯ ಮುಖವನ್ನು ನೋಡಿದಳು. ಅವರಿಗೆ ತಾವು ಏನು ಹೇಳಿದೆವೆಂಬುದು ಇನ್ನೂ ತಿಳಿದಿರಲಿಲ್ಲ. ಅವಳು ತಟ್ಟೆಯಲ್ಲಿದ್ದುದನ್ನು ಒಂದು ಅಗುಳೂ ಬಿಡದೆ, ಅಗಿದು ಅಗಿದು, ಪೂರ್ತಿ ಉಂಡಳು. ನನ್ನ ಕರುಳು ಕಿತ್ತು ಬಂದಂತಾಯಿತು, ಭರಣಿಗೆ ಕರುಳೆಲ್ಲಿ ಎಂದು ನಗುವವರು ನಗಲಿ.

ವೈಕುಂಠ ಸಮಾರಾಧನೆಗೆ ಅಡುಗೆಯವರು ಪ್ಯಾಕೆಟ್ ಉಪ್ಪು ತಂದುಕೊಂಡಿದ್ದರು. ನೆಂಟರೆಲ್ಲ ಹೋದ ಮೇಲೆ ವಿನುತ ಅಡುಗೆಮನೆ ತೊಳೆಯಲು ನಿಂತಳು. ನನ್ನನ್ನು ಎತ್ತಿಕೊಂಡಳು. ಅರ್ಧದಷ್ಟು ಇತ್ತು, ಕಂದು ಬಣ್ಣದ ಪುಡಿ.

"ಇದನ್ನ ಬಚ್ಚಲಿಗೆ ಸುರೀಲಾ ಅಮ್ಮ?"

"ಬೇಡ ಕಣೇ, ಮುಚ್ಚಿಡು. ಅದು ಅವರಿಗೆ ಅಂತ ಹುರಿದಿದ್ದು."

ಅಂದಿನಿಂದ ನಾನು ಅಟ್ಟದ ಮೇಲಿದ್ದೇನೆ. ಕೆಳಗೆ ಒಲೆ ಹೊತ್ತುತ್ತದೆ, ಒಗ್ಗರಣೆಯ ವಾಸನೆ ಬರುತ್ತದೆ. ಅತ್ತೆ ಸೊಸೆ ಇಬ್ಬರೂ ಇವತ್ತಿಗೂ ಸಪ್ಪೆಯೇ ಉಣ್ಣುತ್ತಾರೆ. ಈಗ ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ನನ್ನೊಳಗಿನ ಉಪ್ಪು ಮಳೆಗಾಲದ ಥಂಡಿಗೆ ನೀರು ಕುಡಿದು, ಬೇಸಿಗೆಯಲ್ಲಿ ಒಣಗಿ, ಕಲ್ಲಿನ ಹಾಗೆ ಕಟ್ಟಿಕೊಂಡಿದೆ. ಅದು ಕೆಡುವುದೂ ಇಲ್ಲ, ಮುಗಿಯುವುದೂ ಇಲ್ಲ.