ಸ್ಕ್ಯಾನ್ ಕೋಣೆಯ ತಂತಿ

ಆಫೀಸಿನಲ್ಲಿ ಎಲ್ಲರೂ ಅವಳನ್ನು ತಂತಿಯಕ್ಕ ಅಂತಲೇ ಕರೆಯುತ್ತಿದ್ದರು. ಅಂಗಡಿಯಾಗಲಿ, ಶಾಲೆಯಾಗಲಿ, ಕಂಪ್ಯೂಟರುಗಳ ಸಂಪರ್ಕ ಎಲ್ಲಿ ಕೈಕೊಟ್ಟರೂ ಚೀಲ ಹೆಗಲಿಗೇರಿಸಿ ಹೊರಟುಬಿಡುವವಳು ಅವಳು. ಬಸುರಿಯಾಗಿ ಏಳು ತಿಂಗಳು ತುಂಬುತ್ತ ಬಂದರೂ ಆ ಚೀಲ ಹೆಗಲಿಂದ ಇಳಿದಿರಲಿಲ್ಲ. ಅತ್ತೆಗೆ ಅದನ್ನು ಕಂಡರಾಗದು.

"ಹೊಟ್ಟೇಲೊಂದು ಭಾರ, ಹೆಗಲ ಮೇಲೊಂದು ಭಾರ. ನೀನು ಹೀಗೇ ಮೇಜಿನಡಿ ತೂರ್ತಾ ಇರು, ನನ್ನ ಮೊಮ್ಮಗು ಮುದುರ್ಕೊಂಡೇ ಹುಟ್ಟುತ್ತೆ!"

"ಎಲ್ಲ ಮಕ್ಕಳೂ ಮುದುರ್ಕೊಂಡೇ ಹುಟ್ಟೋದು ಅತ್ತೆ," ಎಂದು ಸೊಸೆ ನಗುತ್ತಿದ್ದಳು. ಗಂಡ ಸರಕಿನ ಹಡಗಿನಲ್ಲಿ ಅಡುಗೆಯವನು, ತಿಂಗಳುಗಟ್ಟಲೆ ನೀರಿನ ಮೇಲೆ. ಮನೆಯಲ್ಲಿ ಇವರಿಬ್ಬರೇ. ಜಗಳಕ್ಕೂ ರಾಜಿಗೂ ಮೂರನೆಯವರಿಲ್ಲ.

ಒಂದು ಸಲ ತಪಾಸಣೆಗೆ ಹೋದಾಗ ನರ್ಸು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೇಳಿಸಿಕೊಂಡವಳು ಮುಖ ಗಂಟಿಕ್ಕಿದಳು. ಮಗುವಿನ ಎದೆಬಡಿತ ನಡುನಡುವೆ ತಪ್ಪುತ್ತಿತ್ತು. ಟಕ್ ಟಕ್ ಟಕ್ ಅಂತ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಮೌನವಾಗಿ, ಕೇಳುವವರ ಜೀವ ಬಾಯಿಗೆ ತಂದು, ಮತ್ತೆ ಓಡುತ್ತಿತ್ತು. ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ.

"ಇದನ್ನ ಮಕ್ಕಳ ಹೃದಯ ನೋಡೋ ಡಾಕ್ಟರೇ ನೋಡ್ಬೇಕು. ಅವರಿರೋದು ತುಂಬ ದೂರ. ನೀವು ಪ್ರಯಾಣ ಮಾಡೋದು ಬೇಡ. ನಾನು ಇಲ್ಲಿ ಸ್ಕ್ಯಾನ್ ಮಾಡ್ತಾ ಇರ್ತೀನಿ, ಅವರು ಅಲ್ಲಿಂದಲೇ ಅದೇ ಹೊತ್ತಿಗೆ ನೋಡ್ತಾರೆ."

ಆ ಸ್ಕ್ಯಾನಿನ ದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಆಸ್ಪತ್ರೆಗೆ ನಡೆದರು. ಸೊಸೆ ಕೆಲಸದ ಚೀಲವನ್ನು ಅಭ್ಯಾಸಬಲದಿಂದ ತಂದಿದ್ದಳು. ಅತ್ತೆ ಅದನ್ನು ನೋಡಿಯೂ ಬೈಯಲಿಲ್ಲ. ಅದೇ ಸೊಸೆಗೆ ಹೆಚ್ಚು ಹೆದರಿಕೆ ತಂದದ್ದು.

ಸ್ಕ್ಯಾನ್ ಕೋಣೆ ಸಣ್ಣದು. ಮಂಚ, ಯಂತ್ರ, ಮೇಜು, ಗೋಡೆಗೊಂದು ಕಬ್ಬಿಣದ ಬೀರು. ಅವಳು ಮಲಗಿದಳು. ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು. ಯಂತ್ರದ ಪರದೆಯ ಮೂಲೆಯಲ್ಲಿ ದೂರದ ಹೃದಯದ ಡಾಕ್ಟರ ಮುಖ ಮೂಡಿತು: ಬೋಳುತಲೆ, ಮೂಗಿನ ತುದಿಗೆ ಜಾರಿದ ಕನ್ನಡಕ. "ನಮಸ್ಕಾರಮ್ಮ, ಗಾಬರಿ ಬೇಡ. ನಾನೊಂದು ಆಪರೇಷನ್ ಮಾಡೋದಿದೆ. ಅಲ್ಲಿಗೆ ಕರೆಯೋದ್ರೊಳಗೆ ನೋಡ್ಬಿಡೋಣ," ಎಂದರು. ಅತ್ತೆ ನಿಂತು ನಿಂತು ಕಾಲು ಸೋತು, ಬೀರುವಿಗೆ ಬೆನ್ನು ಕೊಟ್ಟು ಒರಗಿದರು.

ಅಷ್ಟರಲ್ಲಿ ಡಾಕ್ಟರ ಮುಖ ಅರ್ಧ ಬಾಯಿ ತೆರೆದುಕೊಂಡೇ ನಿಂತುಹೋಯಿತು. ಆಮೇಲೆ ಮುಖವೂ ಹೋಯಿತು.

"ಇಂಟರ್ನೆಟ್ ಹೋಯ್ತಾ?" ಎಂದು ಡಾಕ್ಟರಮ್ಮ ಹೊರಗೆ ಕೂಗಿದರು.

"ಇಲ್ಲ ಡಾಕ್ಟ್ರೇ, ನನಗೆ ಬರ್ತಿದೆ!" ಎಂದಳು ಮುಂಭಾಗದ ಮೇಜಿನ ಹುಡುಗಿ.

ಅಲ್ಲಿಯವರೆಗೆ ಛಾವಣಿ ನೋಡುತ್ತ ಹಲ್ಲು ಕಚ್ಚಿ ಮಲಗಿದ್ದ ಹೆಂಗಸು, ಆ ಒಂದು ಮಾತಿಗೆ ಎದ್ದು ಕೂತಳು.

"ನಿಮ್ಮ ಮೋಡೆಮ್ ರೌಟರ್ ಎಲ್ಲಿದೆ? ಹೊರಗಾ?"

"ಹೂಂ, ಅವಳ ಮೇಜಿನ ಹತ್ತಿರ. ನೀವು ಮಲಗಿ, ಯಾರನ್ನಾದ್ರೂ ಕರೆಸ್ತೀನಿ. ಅಲ್ಲೀವರೆಗೆ ಅವರಿಗೆ ಫೋನಲ್ಲೇ ತೋರಿಸ್ಲಾ ಅಂತ..." ಎನ್ನುತ್ತ ಡಾಕ್ಟರಮ್ಮ ಫೋನನ್ನು ಪರದೆಗೆ ಹಿಡಿದು ನೋಡಿ, ತಲೆಯಾಡಿಸಿದರು. "ಊಹೂಂ, ಬರೀ ಮಸುಕು. ಇಷ್ಟು ಚಿಕ್ಕ ಹೃದಯ, ಏನೂ ಕಾಣಲ್ಲ. ಈ ಮಷೀನಿಗೆ ವೈರೇ ಬೇಕು."

"ಕರೆಸೋದು ಯಾಕೆ ಡಾಕ್ಟ್ರೇ? ನನ್ನ ಕೆಲಸವೇ ಇದು."

ಜೆಲ್ ಒರೆಸಿಕೊಂಡು, ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಅವಳು ಮಂಚದಿಂದ ಇಳಿದಳು. ಅತ್ತೆ "ಅಯ್ಯೋ" ಅಂದರು, ಅಷ್ಟೇ.

ಹೊರಗಿನ ಸಂಪರ್ಕ ಮೊದಲು ಬಂದು ಸೇರುವುದು ಮೋಡೆಮ್ ರೌಟರಿಗೆ. ಅಲ್ಲಿಂದ ಒಂದೇ ಒಂದು ತಂತಿ ಗೋಡೆ ತೂರಿ ಸ್ಕ್ಯಾನ್ ಕೋಣೆಯ ಹಬ್ಬಿಗೆ ಬರುತ್ತಿತ್ತು. ಹಬ್ ಎಂದರೆ ಸಾಲುಸಾಲು ಕಿಂಡಿಗಳ ಪುಟ್ಟ ಡಬ್ಬಿ. ಸ್ಕ್ಯಾನ್ ಯಂತ್ರ, ಡಾಕ್ಟರಮ್ಮನ ಕಂಪ್ಯೂಟರ್, ಪ್ರಿಂಟರ್ ಮೂರಕ್ಕೂ ಸಂಪರ್ಕ ಹಂಚುವುದು ಅದೇ.

"ಈಗ ಒಂದು ಫೋಟೋ ಪ್ರಿಂಟ್ ಕೊಡಿ," ಎಂದಳು. ಪ್ರಿಂಟರು ಗೊರಗೊರ ಎಂದು ಕಾಗದ ಉಗುಳಿತು.

"ಹಬ್ ಸತ್ತಿಲ್ಲ."

"ಹಬ್ಬಾನಾ? ಇಂಥ ಹೊತ್ತಲ್ಲಿ ಯಾವ ಹಬ್ಬಾನೇ?" ಎಂದರು ಅತ್ತೆ. ಡಾಕ್ಟರಮ್ಮನಿಗೆ ನಗು ಬಂತು, ನಗಲಾಗಲಿಲ್ಲ.

ಮೇಜಿನ ಕೆಳಗೆ ಕೂರಲು ಅವಳಿಗೆ ಮಂಚದ ಕಾಲು ಹಿಡಿಯಬೇಕಾಯಿತು. ಹಬ್ಬಿನ ಮೂರು ದೀಪಗಳು ಮಿಣುಗುತ್ತಿದ್ದವು. ರೌಟರಿನಿಂದ ಬಂದ ತಂತಿಯ ಕಿಂಡಿಯಲ್ಲಿ ಮಾತ್ರ ದೀಪವಿಲ್ಲ. ತಂತಿಯನ್ನು ಕಿತ್ತು ಪಕ್ಕದ ಕಿಂಡಿಗೆ ಹಾಕಿದಳು. ಕತ್ತಲೆ. ಹೊರಗಿನ ಹುಡುಗಿಗೆ ಕೂಗಿ ಹೇಳಿ ರೌಟರಿನ ಕಡೆಯ ತುದಿಯನ್ನೂ ಬೇರೆ ಕಿಂಡಿಗೆ ಹಾಕಿಸಿದಳು. ಆಗಲೂ ಕತ್ತಲೆ. ಎರಡು ಡಬ್ಬಿಗಳೂ ಸರಿಯಿವೆ. ಹಾಗಾದರೆ ಕೆಟ್ಟಿರುವುದು ನಡುವಿನ ತಂತಿಯೇ. ಗೋಡೆಯ ತೂತಿನಿಂದ ಅದನ್ನು ಬೆರಳಲ್ಲಿ ಸವರುತ್ತ ಬಂದಳು. ಬೀರುವಿನ ಕಾಲಡಿಯಲ್ಲಿ ತಂತಿ ಚಪ್ಪಟೆಯಾಗಿ ಸಿಕ್ಕಿಕೊಂಡಿತ್ತು.

"ನಿನ್ನೆ ತಾನೇ ಬೀರು ಸರಿಸಿದ್ವಿ," ಎಂದರು ಡಾಕ್ಟರಮ್ಮ. "ಆದ್ರೆ ಈಗಿನವರೆಗೂ ಬರ್ತಿತ್ತಲ್ಲ?"

"ಹೇಗೋ ಉಸಿರು ಹಿಡ್ಕೊಂಡಿತ್ತು. ಇನ್ನೊಂದಿಷ್ಟು ಭಾರ ಬಿದ್ದಿದ್ದಕ್ಕೆ..."

ಅತ್ತೆ ಬೀರುವಿನಿಂದ ಬೆನ್ನು ಕಿತ್ತು ನಿಂತರು. "ನಾನು ಒರಗಿದ್ದಕ್ಕಾ?" ಅವರ ಮುಖ ಸುಣ್ಣವಾಗಿತ್ತು. "ಹೇಳೇ, ನಾನು ಒರಗಿದ್ದಕ್ಕೇನೇ?"

"ನಿಮ್ಮಿಂದಲ್ಲ ಅತ್ತೆ. ಇವತ್ತಲ್ಲ ನಾಳೆ ಹೋಗೋದೇ ಅದು."

ಬೀರು ಈ ಮೂವರಿಗೆ ಜಗ್ಗುವಂಥದ್ದಲ್ಲ, ಜಗ್ಗಿದರೂ ಒಳಗೆ ನಜ್ಜುಗುಜ್ಜಾದ ತಂತಿ ಬದುಕುವಂಥದ್ದಲ್ಲ. ಗೋಡೆಯ ತೂತಿಗೂ ಬೀರುವಿಗೂ ನಡುವೆ ಮೊಳದಷ್ಟು ಒಳ್ಳೆಯ ತಂತಿ ಇತ್ತು. ಅಲ್ಲೇ ಕತ್ತರಿಸಿ, ಹೊಸ ಪ್ಲಗ್ ಹಾಕಿ, ಹಬ್ಬನ್ನೇ ಸ್ಟೂಲಿನ ಮೇಲಿಟ್ಟು ಗೋಡೆಯ ಹತ್ತಿರ ತಂದರಾಯಿತು. ಅವಳು ಚೀಲದಿಂದ ಕತ್ತರಿ, ಪ್ಲಗ್, ಇಕ್ಕಳ ತೆಗೆದಳು. ತಂತಿಯ ಸಿಪ್ಪೆ ಸುಲಿದಳು. ಒಳಗೆ ಬಣ್ಣಬಣ್ಣದ ಎಂಟು ಎಳೆಗಳು ಎರಡೆರಡಾಗಿ ಹೆಣೆದುಕೊಂಡಿದ್ದವು. ಅವನ್ನು ಬಿಡಿಸಿ, ನೇರ ಮಾಡಿ, ಬಣ್ಣದ ಸಾಲಿನಲ್ಲಿ ಜೋಡಿಸಿ ಪ್ಲಗ್ಗಿಗೆ ತಳ್ಳಬೇಕು. ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸ.

ಆದರೆ ಎಳೆಗಳು ನಿಲ್ಲಲೇ ಇಲ್ಲ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಕೈ ನೋಡಿಕೊಂಡಳು. ಬೆರಳುಗಳು ಗಡಗಡ ನಡುಗುತ್ತಿದ್ದವು. ಇಷ್ಟು ಹೊತ್ತು ಕೆಲಸದ ಮರೆಯಲ್ಲಿ ಅಡಗಿದ್ದ ಭಯವೆಲ್ಲ ಬೆರಳಿಗೆ ಇಳಿದಿತ್ತು.

"ಆಗ್ತಿಲ್ಲ ಅತ್ತೆ," ಎಂದಳು, ಮೆಲ್ಲಗೆ.

ಅತ್ತೆ ಮಂಡಿಯೂರಿ ಪಕ್ಕದಲ್ಲಿ ಕೂತರು. ಮೊಣಕಾಲು ಲಟಕ್ಕೆಂದಿತು. "ಕೊಡಿಲ್ಲಿ. ಯಾವುದರ ಪಕ್ಕ ಯಾವುದು, ಅಷ್ಟು ಹೇಳು."

"ಮೊದಲು ಕಿತ್ತಳೆ ಪಟ್ಟೆಯ ಬಿಳಿ, ಆಮೇಲೆ ಕಿತ್ತಳೆ. ಹಸಿರು ಪಟ್ಟೆ. ನೀಲಿ. ನೀಲಿ ಪಟ್ಟೆ. ಈಗ ಹಸಿರು..."

ಅತ್ತೆ ಒಂದೊಂದೇ ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತೀಡಿದರು, ಮಗುವಿನ ಹುಬ್ಬು ತೀಡುವಷ್ಟು ಹಗುರಾಗಿ. ಎಂಟೂ ಎಳೆಗಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತವು. ಸೊಸೆ ತುದಿ ಸಮ ಮಾಡಿ ಕತ್ತರಿಸಿದಳು. ಅತ್ತೆ ಪ್ಲಗ್ಗಿನೊಳಗೆ ತಳ್ಳಿದರು. ಇಬ್ಬರೂ ಕೈ ಸೇರಿಸಿ ಇಕ್ಕಳ ಒತ್ತಿದರು. ಕಟಕ್.

ಪ್ಲಗ್ ಹಬ್ಬಿಗೆ ಕೂತಿತು. ಏನೂ ಆಗಲಿಲ್ಲ. ಡಾಕ್ಟರಮ್ಮ ಬಾಯಿ ತೆರೆದರು. ಸೊಸೆ ಕೈಯೆತ್ತಿ ತಡೆದಳು. ಎರಡು ಡಬ್ಬಿಗಳು ಒಂದನ್ನೊಂದು ಗುರುತು ಹಿಡಿಯಲು ಒಂದು ಗಳಿಗೆ ಬೇಕು.

ದೀಪ ಹತ್ತಿತು.

"ಹಾ, ಬಂದ್ರಿ ಬಂದ್ರಿ!" ಎಂದಿತು ದೂರದ ದನಿ. "ಇನ್ನೂ ಕರೆದಿಲ್ಲ ನನ್ನ. ಬೇಗ ತೋರಿಸಿ."

ಅವಳು ಮತ್ತೆ ಮಲಗಿದಳು. ಮತ್ತೆ ತಣ್ಣನೆಯ ಜೆಲ್. ಪರದೆಯ ಬೂದು ಮಬ್ಬಿನಲ್ಲಿ ಏನೋ ಮಿಸುಕಿತು. ಡಾಕ್ಟರಮ್ಮ ಕೈಯನ್ನು ಕೂದಲೆಳೆಯಷ್ಟು ಓರೆ ಮಾಡಿದರು. ಮಬ್ಬು ಸರಿದು ಹೃದಯ ಕಂಡಿತು.

ಹೆಬ್ಬೆರಳ ತುದಿಯಷ್ಟು ದೊಡ್ಡದಿದ್ದೀತು, ಅಷ್ಟೇ. ಅಷ್ಟರಲ್ಲೇ ನಾಲ್ಕು ಕೋಣೆಗಳು, ನಡುವೆ ಗೋಡೆ. ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ನಡುವೆ ಚಿಟ್ಟೆಯ ರೆಕ್ಕೆಗಿಂತ ತೆಳ್ಳಗಿನ ಬಾಗಿಲುಗಳು. ಅವು ತೆರೆದವು, ಮುಚ್ಚಿದವು, ತೆರೆದವು. ಯಾರೂ ಕಲಿಸಿರಲಿಲ್ಲ. ಅವಳು ನಿದ್ದೆ ಮಾಡುವಾಗ, ಬಸ್ಸಿಗೆ ಓಡುವಾಗ, ಅತ್ತೆಯ ಜೊತೆ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಅಂತ ಜಗಳವಾಡುವಾಗ, ಅವಳ ಒಳಗೇ ಈ ಬಾಗಿಲುಗಳು ಹೀಗೇ ತೆರೆದು ಮುಚ್ಚುತ್ತಿದ್ದವು. ಅವಳಿಗೇ ಗೊತ್ತಿರಲಿಲ್ಲ. ಉಸಿರಾಡಿದರೆ ಎಲ್ಲಿ ಕದಡಿಹೋಗುತ್ತದೋ ಎಂದು ಅವಳು ಉಸಿರು ಬಿಗಿಹಿಡಿದಳು.

ಹೃದಯ ಒಮ್ಮೆ ತಟಕ್ಕನೆ ಮಿಡಿದು, ನಿಂತಿತು. ಮತ್ತೆ ಹೊರಟಿತು.

"ನೋಡಿದ್ರಾ?" ಎಂದರು ಹೃದಯದ ಡಾಕ್ಟರು. "ಅದು ತಪ್ಪುತ್ತಾ ಇಲ್ಲಮ್ಮ, ಆತುರಪಡ್ತಾ ಇದೆ. ಒಂದು ಬಡಿತ ಮುಂಚೆ ಬಂದ್ಬಿಡುತ್ತೆ, ಆಮೇಲೆ ಸ್ವಲ್ಪ ಸುಧಾರಿಸ್ಕೊಳ್ಳುತ್ತೆ. ಕೋಣೆ, ಗೋಡೆ, ಬಾಗಿಲು ಎಲ್ಲ ಸರಿಯಾಗಿದೆ. ಇಂಥ ಆತುರ ಬಹಳ ಮಕ್ಕಳಲ್ಲಿ ತಾನೇ ಹೋಗುತ್ತೆ. ವಾರವಾರ ಕೇಳಿಸ್ಕೊಳ್ತಾ ಇರಿ, ಸಾಕು."

ಸೊಸೆಯ ಕಣ್ಣಿಂದ ನೀರು ಕಿವಿಗೆ ಹರಿಯಿತು. ಅತ್ತೆ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಕೈ ಜೋಡಿಸಿ ನಿಂತಿದ್ದರು. "ನಾನೂ ನಾಲ್ಕು ಹೆತ್ತೆ," ಎಂದರು ತಮಗೆ ತಾವೇ. "ಒಳಗೆ ಹೀಗಿರುತ್ತೆ ಅಂತ ಒಬ್ಬರೂ ಹೇಳಲಿಲ್ಲವಲ್ಲ."

ಆ ಕಡೆ ಯಾರೋ ಬಂದು ಡಾಕ್ಟರ ಹೆಗಲು ಮುಟ್ಟಿ ಕರೆದರು. ಅವರು ಎದ್ದರು, ಆದರೆ ಹೋಗಲಿಲ್ಲ. ಕನ್ನಡಕ ಮೇಲೇರಿಸಿ ಬಗ್ಗಿ ನಿಂತು, "ಆ ಬಾಗಿಲು ಇನ್ನೊಂದು ಸಲ ತೋರಿಸಿ," ಎಂದರು.

"ಏನಾದ್ರೂ ಅನುಮಾನವಾ ಸಾರ್?" ಡಾಕ್ಟರಮ್ಮ ಗಾಬರಿಯಾದರು.

"ಇಲ್ಲ ಇಲ್ಲ. ಎಷ್ಟು ಸ್ಪಷ್ಟವಾಗಿ ಬರ್ತಿದೆ ನೋಡಿ. ಸುಮ್ಮನೆ... ನೋಡೋಣ ಅಂತ."

ನಾಲ್ವರೂ ಸುಮ್ಮನೆ ನೋಡಿದರು.

ಮಗು ಹುಟ್ಟುವ ಹೊತ್ತಿಗೆ ಆ ಆತುರ ತಾನೇ ಇಳಿದಿತ್ತು. ಹೆಣ್ಣುಮಗು, ಗಟ್ಟಿ ಗಂಟಲು. ಹಡಗಿನಿಂದ ಅಪ್ಪ ಬಂದವನು ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದವನಿಗೆ ಅವನ ಅಮ್ಮ ಅಡ್ಡ ಬಂದರು.

"ಮೊದಲು ಕಿವಿ ಇಡು ಇಲ್ಲಿ," ಎಂದರು, ಮಗುವಿನ ಎದೆ ತೋರಿಸಿ. ಅವನು ಬಗ್ಗಿ ಕಿವಿ ಇಟ್ಟ. ಬಹಳ ಹೊತ್ತು ಅವನು ತಲೆಯೆತ್ತಲಿಲ್ಲ, ಯಾರೂ ಅವನನ್ನು ಕರೆಯಲೂ ಇಲ್ಲ.