ಹುಳುಮನೆಯ ಹೊಸ್ತಿಲು

ಅಕ್ಕೂರಿನ ಶಿವಲಿಂಗಮ್ಮನ ಹುಳುಮನೆಯಲ್ಲಿ ಅಂದು ಬೆಳಗಿನಿಂದಲೇ ಗೂಡು ಬಿಡಿಸುವ ಕೆಲಸ. ಹುಳುಗಳು ಗೂಡು ಕಟ್ಟಲೆಂದು ಇಟ್ಟ ಬಿದಿರಿನ ಚಂದ್ರಿಕೆಗಳ ತುಂಬ ರೇಷ್ಮೆಗೂಡುಗಳು ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ಕೈ ಕೊಡಲು ಬಂದಿದ್ದ ನೆರೆಮನೆಯ ಹೆಂಗಸರಲ್ಲಿ ಒಬ್ಬಳು ಇಂಥ ಬೆಳೆ ಕಂಡು ಮೂರು ವರ್ಷವಾಯಿತು ಎಂದರೆ, ಇನ್ನೊಬ್ಬಳು ಮೂರಲ್ಲ, ಐದು ಎಂದಳು.

ಶಿವಲಿಂಗಮ್ಮ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು.

"ಎಲ್ಲಾ ಮಡಿಯಿಂದ ಕಣ್ರವ್ವ. ಹುಳ ಅಂದ್ರೆ ಲಕ್ಷ್ಮಿ. ದೇವ್ರ ಮನೆ ಹೆಂಗೋ ಹುಳಿನ ಮನೆನೂ ಹಂಗೇ."

ಸೊಸೆ ಲತಾಮಣಿ ತಲೆ ಎತ್ತಲಿಲ್ಲ. ಹೋದ ಬೆಳೆಯಲ್ಲಿ ಹುಳುಗಳು ಊದಿಕೊಂಡು, ಮೈಯಿಂದ ಹಾಲಿನಂಥ ನೀರು ಸೋರಿ ಸತ್ತಿದ್ದವು. ಮಂಕರಿಗಟ್ಟಲೆ ಹೊತ್ತು ಗುಂಡಿಗೆ ಸುರಿದಿದ್ದರು. ಸೊಸೆ ಮುಟ್ಟಿನ ದಿನ ಮುಗಿಯುವ ಮುಂಚೆಯೇ ಒಳಗೆ ಕಾಲಿಟ್ಟಳು, ಅದಕ್ಕೇ ಹೀಗಾಯಿತು ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆಮೇಲೆ ರೇಷ್ಮೆ ಇಲಾಖೆಯವರು ಹೆಂಗಸರಿಗೆಂದು ಐದು ದಿನದ ತರಬೇತಿ ನಡೆಸಿದರು. ಲತಾಮಣಿ ಹೋದಳು. ಪಾಠ ಮುಗಿದ ಮೇಲೆ, ಯಾರೂ ಇಲ್ಲದಾಗ, ಪಾಠ ಹೇಳಿದ ಯಾಸ್ಮಿನ್ ಮೇಡಂ ಹತ್ತಿರ ಮೆಲ್ಲಗೆ ಅದೊಂದು ಮಾತು ಕೇಳಿದಳು. ಒದ್ದೆ ಸೊಪ್ಪು, ಗಾಳಿಯಿಲ್ಲದ ಕೋಣೆ, ತೊಳೆಯದ ಕೈ ಇವು ಹುಳುವನ್ನು ಕೊಲ್ಲುತ್ತವೆ, ಹೆಣ್ಣಿನ ಮುಟ್ಟು ಕೊಲ್ಲುವುದಿಲ್ಲ ಎಂದು ಆಕೆ ಬಿಡಿಸಿ ಹೇಳಿದರು.

ಈ ಬೆಳೆಯಲ್ಲಿ ಹುಳುಗಳು ಹೊತ್ತು ಹೊತ್ತಿಗೂ ಸೊಪ್ಪು ಬೇಡುವಾಗಲೇ ಲತಾಮಣಿಗೆ ಮುಟ್ಟಾಯಿತು. ಹೇಳಿದರೆ ಜಗಲಿಯ ಮೇಲೆ ಕೂರಬೇಕು, ಗಂಡ ನಟರಾಜು ಒಬ್ಬನಿಂದ ಆಗದು. ಅವಳು ಮಿಂದು ಬಂದು ಹೊಸ್ತಿಲಲ್ಲಿ ಕೈಮುಗಿದಳು. ತಪ್ಪಿದ್ದರೆ ಕೇಡು ನನಗೆ ಬರಲಿ ತಂದೆ, ಹುಳುವಿಗೆ ಬೇಡ ಎಂದುಕೊಂಡಳು. ಕೈ ತೊಳೆದು ಒಳಗೆ ಹೋದಳು. ಯಾರಿಗೂ ಹೇಳಲಿಲ್ಲ.

ಗೂಡು ಬಿಡಿಸುವ ಈ ದಿನ ಬಿಸಿಲೇರುವ ಹೊತ್ತಿಗೆ ಪಕ್ಕದ ಮನೆಯ ರಮ್ಯ ಬಂದಳು. ಚನ್ನಪಟ್ಟಣದ ಕಾಲೇಜಿಗೆ ಹೋಗುವ ಹುಡುಗಿ. ಅಂದು ರಜೆಯೆಂದು ಕೈ ಕೊಡಲು ಬಂದವಳನ್ನು ಬಾಗಿಲ ಹತ್ತಿರ ಕೂತು ಗೂಡು ಬಿಡಿಸುತ್ತಿದ್ದ ನೆರೆಯ ಮುದುಕಿ ಬೋರಮ್ಮ ಅಲ್ಲೇ ತಡೆದಳು.

"ತಲೆಗೆ ನೀರಾಕಂಡಿದ್ದೀಯೇನವ್ವ?"

ಮುಟ್ಟು ಕಳೆದು ಮೀಯಲು ಇನ್ನೂ ಒಂದು ದಿನವಿತ್ತು, ರಮ್ಯ ಸುಳ್ಳು ಹೇಳಲಿಲ್ಲ. "ನಾಳೆ ಅಜ್ಜಿ."

"ಹಂಗಾದ್ರೆ ಹೊಂಗೆ ಮರದಡಿ ಕೂತ್ಕ, ಹೋಗು. ಕಾಲೇಜ್ ಓದೋಳ್ಗೆ ಅಷ್ಟೂ ತಿಳಿಯಕಿಲ್ವಾ? ಬಂದಿರೋ ಬೆಳೆನೂ ತಗ್ದ್‌ಬುಡ್ತೀಯ."

ಹೆಂಗಸರು ನಕ್ಕರು. ರಮ್ಯ ಎದೆಗೆ ಪುಸ್ತಕ ಒತ್ತಿಕೊಂಡವಳಂತೆ ಕೈ ಕಟ್ಟಿ, ತಲೆ ತಗ್ಗಿಸಿಕೊಂಡು ತಿರುಗಿದಳು.

ಲತಾಮಣಿಯ ಕೈ ನಿಂತಿತು. ಬಾಯಿ ಬಿಟ್ಟರೆ ಅತ್ತೆಯ ಕಣ್ಣಲ್ಲಿ ತಾನು ಕಳ್ಳಿ. ಮುಂದೆ ಯಾವ ಬೆಳೆ ಕೆಟ್ಟರೂ ತನ್ನ ತಲೆಗೇ. ಬಾಯಿ ಬಿಡದಿದ್ದರೆ ಆ ಹುಡುಗಿ ಹೀಗೇ ತಲೆ ತಗ್ಗಿಸಿಕೊಂಡು ಹೋಗಬೇಕು.

"ಅತ್ತೆ, ಈ ಬೆಳೇಲಿ ನಾನೂ ಮುಟ್ಟಾಗಿದ್ದೆ. ಮೂರು ದಿನಾನೂ ಸೊಪ್ಪಾಕ್ದೋಳು ನಾನೇ. ನಿಮ್ಗೆ ಯೋಳ್ನಿಲ್ಲ, ಅದು ನನ್ ತಪ್ಪು. ಒಳಕ್ಕೆ ಬಂದಿದ್ದು ತಪ್ಪಲ್ಲ."

ಶಿವಲಿಂಗಮ್ಮ ಕೈಯಲ್ಲಿದ್ದ ಗೂಡನ್ನು ಕೆಳಗಿಟ್ಟು ಕೇಳಿದಳು. "ಹಂಗಾದ್ರೆ ಹೋದ್ಸಲ ಹುಳ ಸತ್ತಿದ್ದು?"

"ಹೋದ್ಸಲ ಮಳೆ ಹಿಡ್ಕಂಡಿತ್ತು. ಒದ್ದೆ ಸೊಪ್ಪಾಕುದ್ವಿ. ತ್ಯಾವ ಹೀರಕ್ಕೆ ಸುಣ್ಣನೂ ಉದುರಿಸ್ನಿಲ್ಲ."

"ದೇವ್ರು ಸುಮ್ಕೆ ಬುಟ್ಟಾನೇನಕ್ಕ?" ಎಂದಳು ಬೋರಮ್ಮ.

ಶಿವಲಿಂಗಮ್ಮ ಕೂತಲ್ಲಿಂದಲೇ ಚಂದ್ರಿಕೆಗಳನ್ನು ಒಂದು ಕಡೆಯಿಂದ ನೋಡುತ್ತ ಬಂದಳು. ಬೆಳ್ಳಗೆ, ಗಟ್ಟಿಯಾಗಿ, ತುಂಬಿ ನಿಂತಿತ್ತು ಬೆಳೆ.

"ಇಷ್ಟನ್ನೂ ಕೊಟ್ಟೋನು ಅವ್ನೇ ಅಲ್ವಾ ಬೋರಿ? ಗೊತ್ತಿಲ್ದೆ ಕೊಟ್‌ಬುಟ್ನಾ?"

ಶಿವಲಿಂಗಮ್ಮ ಮಂಡಿಗೆ ಕೈಯೂರಿ ಎದ್ದು ಬಾಗಿಲಿಗೆ ಹೋದಳು.

"ರಮ್ಯ, ಕೈ ತೊಳ್ಕಂಡು ಒಳಕ್ ಬಾರವ್ವ."

ತಿರುಗಿ ಸೊಸೆಯ ಮುಂದೆ ನಿಂತಳು. "ಊರಿಗೆಲ್ಲಾ ನಿನ್ ಮ್ಯಾಲೆ ಯೋಳ್ಕಂಡ್ ಬಂದಿದ್ದೆ. ಇದ್ನೂ ನಾನೇ ಯೋಳ್ಕಂಡ್ ಬತ್ತೀನಿ."

ಲತಾಮಣಿಗೆ ಕಣ್ಣು ತುಂಬಿತು, ನಗುವೂ ಬಂತು. ಒದ್ದೆ ಕೈ ಒರೆಸಿಕೊಳ್ಳುತ್ತ ರಮ್ಯ ಹೊಸ್ತಿಲು ದಾಟಿದಳು. ಕೂರಲು ಎಲ್ಲಿದೆಯೆಂದು ಸುತ್ತ ನೋಡಿದಳು. ಬೋರಮ್ಮ ಗೊಣಗುತ್ತಲೇ ಚಾಚಿದ ಕಾಲು ಮಡಿಸಿ, ತನ್ನ ಪಕ್ಕದಲ್ಲಿ ಜಾಗ ಮಾಡಿದಳು.