ಹೊಡೆತಕ್ಕೆ ಸಿಕ್ಕ ಚಪ್ಪಾಳೆ

"ಎಷ್ಟ್ ಸಲ ಹೇಳ್ಬೇಕಲೇ ನಿನಗ? ಒಲ್ಲೆ ಅಂದ್ರ ಒಲ್ಲೆ! ಹೆಂಗಸರ ಕಡೆ ಬರಾಕ ನಾಚಿಕಿ ಇಲ್ಲೇನು?"

ಹೀಗೆ ಕೂಗಿ ಹಂಪವ್ವ ಫಕೀರಪ್ಪನ ಕೆನ್ನೆಗೆ ಬಾರಿಸಿದಳು. ಅವನ ಕೈಲಿದ್ದ ಗುಲಾಬಿ ಮರಳಿಗೆ ಬಿತ್ತು. ಇಂಟರ್ವಲ್ಲಿನ ದೀಪ ಹತ್ತಿದ್ದ ಟೆಂಟಿನ ತುಂಬ ಶಿಳ್ಳೆ, ಚಪ್ಪಾಳೆ. ಅವನನ್ನು ಒಬ್ಬರೂ ಬೈಯಲಿಲ್ಲ. "ಬಿತ್ತಪಾ ಏಟು! ಇನ್ನ ಲಗ್ನ ಆದಂಗನ ತಗೋ!" ಎಂದು ಯಾರೋ ಅರಚಿದರು.

ಅವರಿಗೆ ಅದನ್ನು ಕಲಿಸಿದ್ದು ನಾನು. ನಾನೊಂದು ಟೂರಿಂಗ್ ಟಾಕೀಸಿನ ಪರದೆ. ಗದಗಿನ ಅಂಗಡಿಯೊಂದರಲ್ಲಿ ಥಾನಾಗಿ ಬಿದ್ದಿದ್ದ ಬಿಳಿ ಬಟ್ಟೆಯನ್ನು ಜೋಡಿಸಿ ನನ್ನನ್ನು ಹೊಲಿದವಳು ಇದೇ ಹಂಪವ್ವ. ಗಾಳಿಗೆ ಹರಿದಾಗ ಬಂದು ಹೊಲಿಗೆ ಹಾಕುವವಳೂ ಅವಳೇ. ಅವಳ ಅಣ್ಣ ಯಂಕಪ್ಪ ನಮ್ಮ ಆಪರೇಟರ್. ಅವನು ಬೆಳಕು ಬಿಟ್ಟ, ನಾನು ಮೈಯೊಡ್ಡಿದೆ. ನಗಿಸುವ ಪ್ರೇಮಚಿತ್ರಗಳು ಎಷ್ಟೋ ಬಂದವು. ಎಲ್ಲದರದೂ ಒಂದೇ ದಾರಿ. ಹುಡುಗ ಬೆನ್ನು ಹತ್ತುತ್ತಾನೆ, ಹುಡುಗಿ ಬೈಯುತ್ತಾಳೆ, ಇಂಟರ್ವಲ್ಲಿಗೆ ಹೊಡೆಯುತ್ತಾಳೆ, ಇಂಟರ್ವಲ್ ಮುಗಿದ ಮೇಲೆ ಅವನ ತೋಳಿಗೆ ಬೀಳುತ್ತಾಳೆ. ಜನ ನಕ್ಕರು, ನಾನು ಹಿಗ್ಗಿದೆ. ಅವಳ ಮನಸ್ಸು ಯಾಕೆ ಬದಲಾಯಿತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಥೂ ನನ್ನ ಜನ್ಮಕ್ಕೆ!

ಫಕೀರಪ್ಪ ಅವನ್ನೆಲ್ಲ ಮುಂದಿನ ಮರಳಲ್ಲಿ ಕೂತು ನೋಡಿದವನು. ಎರಡು ತಿಂಗಳಿಂದ ಅವಳ ಹೊಲಿಗೆ ಅಂಗಡಿಯೆದುರು ಸೈಕಲ್ ನಿಲ್ಲಿಸುತ್ತಿದ್ದ. ಬೈಸಿಕೊಂಡಷ್ಟೂ ಅವನಿಗೆ ಹುರುಪು.

ಮರುದಿನ ಮಧ್ಯಾಹ್ನ ಹಂಪವ್ವ ನನ್ನ ಹರಿದ ಅಂಚು ಹೊಲಿಯಲು ಬಂದಳು. ಯಂಕಪ್ಪನೂ ಅಲ್ಲೇ ಇದ್ದ.

"ಅಣ್ಣಾ, ಅವಂಗ ನೀನರ ಹೇಳು. ಅಂಗಡಿ ಬಾಗ್ಲಾ ತಗಿಯಾಕ ಆಗವಲ್ದು ನನಗ."

ಯಂಕಪ್ಪ ನಕ್ಕುಬಿಟ್ಟ. "ಹುಚ್ಚಿ, ಮನಸಿಲ್ದ ಯಾರರ ಹೊಡಿತಾರನು? ನಾಳೆ ಅವರವ್ವ ಹೆಣ್ಣು ಕೇಳಾಕ ಬರ್ತಾಳ. ನಾ ಹೂಂ ಅಂದೀನಿ."

"ನನ್ನ ಕೇಳಿದ್ಯಾ?"

"ಕೇಳೂದೇನೈತಿ? ಊರಿಗೂರ ನೋಡೈತಲ್ಲ!"

ಅವಳು ಅವನನ್ನು ಬಿಟ್ಟು ನನ್ನನ್ನು ನೋಡಿದಳು, ಮೇಲಿನಿಂದ ಕೆಳಗಿನವರೆಗೆ. ಹಗಲಲ್ಲಿ ನಾನು ಬರಿಯ ಬಟ್ಟೆ. ಆ ನೋಟಕ್ಕೆ ಮುದುಡಿಕೊಳ್ಳೋಣವೆಂದರೆ ನಾಲ್ಕೂ ಕಡೆ ಹಗ್ಗ ಬಿಗಿದಿದ್ದರು.

ಟಾಕೀಸು ಮುಚ್ಚಿ ಬಹಳ ವರ್ಷವಾಯಿತು. ಈಗ ಯಾರದೋ ಶೇಂಗಾ ರಾಶಿಯ ಮೇಲೆ ಹೊದಿಕೆಯಾಗಿ ಬಿದ್ದಿದ್ದೇನೆ. ನನ್ನ ಮೈಮೇಲೆ ಓಡಿ ಬಂದು ನಾಯಕನನ್ನು ತಬ್ಬಿದ ನಾಯಕಿಯರಲ್ಲಿ ಒಬ್ಬಳ ಮುಖವೂ ನೆನಪಿಲ್ಲ. ಆ ಮಧ್ಯಾಹ್ನ ಹಂಪವ್ವ ಸೂಜಿಯನ್ನು ನನ್ನ ಅಂಚಿಗೇ ಚುಚ್ಚಿಬಿಟ್ಟು ಗೇಟು ದಾಟಿದ್ದು ಮಾತ್ರ ನೆನಪಿದೆ. "ಬರ್ತಾಳ ಬಿಡು, ಇಂಟರ್ವಲ್ ಮುಗೀಲಿ" ಎಂದು ಯಂಕಪ್ಪ ಬೀಡಿ ಹಚ್ಚಿದ.

ಅವಳು ಬರಲಿಲ್ಲ.